ಎಡಿನ್‌ಬರೋದ ಚಾಲಕರಹಿತ ಬಸ್ ದೇವಿಮನೆ ಘಟ್ಟ ಇಳಿದೀತೇ?

ಹೆಸರು ಚಾಲಕರಹಿತ. ಆದರೆ ಸ್ಕಾಟ್ಲೆಂಡಿನಲ್ಲಿ ಸ್ಟೇಜ್‌ಕೋಚ್ ಕಂಪನಿ ಓಡಿಸಿದ ಎಬಿ1 ಬಸ್ಸಿನಲ್ಲಿ ಇಬ್ಬರು ಸಿಬ್ಬಂದಿ: ಸ್ಟೇರಿಂಗ್ ಹಿಂದೆ ಸುರಕ್ಷತಾ ಚಾಲಕ, ಒಳಗೆ ಪ್ರಯಾಣಿಕರನ್ನು ನೋಡಿಕೊಳ್ಳಲು ‘ಕ್ಯಾಪ್ಟನ್’. ನಮ್ಮಲ್ಲಿ ಡ್ರೈವರ್ ಕಂ ಕಂಡಕ್ಟರ್ ಒಬ್ಬರೇ ನಿಭಾಯಿಸುವ ಬಸ್ಸುಗಳೇ ಇವೆಯಲ್ಲ!

2023ರ ಮೇ 15ಕ್ಕೆ ಶುರುವಾದ ಸೇವೆ 2025ರ ಫೆಬ್ರವರಿಯಲ್ಲಿ ನಿಂತಿತು. ಸುಮಾರು 22 ಕಿ.ಮೀ. ದಾರಿ, ಐದು ಬಸ್ಸು, ಗಂಟೆಗೆ 80 ಕಿ.ಮೀ.ವರೆಗೆ ವೇಗ. ವಾರಕ್ಕೆ 10,000 ಜನರನ್ನು ಒಯ್ಯಬಲ್ಲ ಸೇವೆಗೆ ಸಾಕಷ್ಟು ಜನ ಹತ್ತಲಿಲ್ಲ. ಇದನ್ನು ಯಂತ್ರದ ಭಯ ಎಂದು ಷರಾ ಬರೆದು ಮುಗಿಸುವಂತಿಲ್ಲ. ದಾರಿಯ ಒಂದು ತುದಿಯ ಫೆರ್ರಿಟೋಲ್ ಕಾರು ನಿಲ್ಲಿಸಿ ಬಸ್ ಹಿಡಿಯುವ ತಾಣ, ಇನ್ನೊಂದು ತುದಿಯ ಎಡಿನ್‌ಬರೋ ಪಾರ್ಕ್ ರೈಲು, ಟ್ರಾಮಿಗೆ ಬದಲಾಯಿಸುವ ನಿಲ್ದಾಣ. ಎರಡು ಕಡೆ ಹತ್ತಿಳಿಯುವ ದಾರಿಗೆ ಬಸ್ಸು ಎಷ್ಟು ಜಾಣನಾದರೇನು? ಓಡಾಟಕ್ಕೆ ಪಾಸು, ಮಾರ್ಗದ ಆಯ್ಕೆಗೆ ನಪಾಸು.

ದೇವಿಮನೆ ಘಟ್ಟ ಇಳಿಯುವ ಶಿರಸಿ–ಕುಮಟಾ ದಾರಿಯಲ್ಲಿ ಲೆಕ್ಕ ತಿರುವು ಮುರುವು. ಜನರಿಗೆ ಕೊರತೆಯಿಲ್ಲ, ರಸ್ತೆಯದೇ ತಕರಾರು. ಸ್ಕಾಟ್ಲೆಂಡಿನಲ್ಲಿ ಬಸ್ಸು ದಾಟುತ್ತಿದ್ದ ಫೋರ್ತ್ ರಸ್ತೆ ಸೇತುವೆಯಲ್ಲಿ 2017ರಲ್ಲಿ ಪಕ್ಕದ ಹೊಸ ಸೇತುವೆ ತೆರೆದ ಮೇಲೆ ಖಾಸಗಿ ಕಾರುಗಳ ಗಲಾಟೆಯೇ ಇಲ್ಲ. ಇಲ್ಲಿ ಜುಲೈ ತಿಂಗಳ ದೇವಿಮನೆ ಘಟ್ಟ. ಲೇಸರ್ ಬೆಳಕಿನಿಂದ ದೂರ ಅಳೆಯುವ ಲೈಡಾರ್ ಉಪಕರಣ ಬಿಡುವ ಬೆಳಕು ಮಂಜಿನ ಹನಿಗಳಿಗೆ ಬಡಿದು ಚದುರುತ್ತದೆ, ನೋಟದ ದೂರ ಕುಗ್ಗುತ್ತದೆ. ಕ್ಯಾಮೆರಾ ಗಾಜಿಗೆ ಕೆಂಪು ರಾಡಿ ಹಾರಿದರೆ ಮುಗಿಯಿತು. ರೇಡಾರ್ ಮಳೆಗೆ ಅಷ್ಟಾಗಿ ಜಗ್ಗದು, ಆದರೆ ಅದು ವಸ್ತುವಿನ ಆಕಾರವನ್ನು ಸ್ಪಷ್ಟವಾಗಿ ಕೊಡುವುದಿಲ್ಲ. ದಟ್ಟ ಮರಗಳ ಕೆಳಗೆ ಜಿಪಿಎಸ್ ಅತ್ತಿತ್ತ ಜಾರುತ್ತದೆ. ಧರೆ ಕುಸಿದರೆ ನೆನಪಿನಲ್ಲಿಟ್ಟುಕೊಂಡ ನಕ್ಷೆಯೇ ಸುಳ್ಳು. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಗೇ ಗುಡ್ಡ ಬಂದು ಬಿದ್ದಿತ್ತು. ಇನ್ನು ಕಡಿದಾದ ತಿರುವಿನಲ್ಲಿ ಎದುರಿಗೆ ಲಾರಿ ಬಂದಾಗ ಕಂಡಕ್ಟರ್ ಕೆಳಗಿಳಿದು, ಹಿಂದಿನ ಚಕ್ರಕ್ಕೂ ಚರಂಡಿಗೂ ಎಷ್ಟು ಜಾಗವಿದೆ ನೋಡಿ, ‘ಬರ್ಲಿ, ಬರ್ಲಿ, ಹೋಲ್ಡಾನ್’ ಅನ್ನುವ ಕೆಲಸ ಯಾವ ಸೆನ್ಸರ್‌ನ ಪಟ್ಟಿಯಲ್ಲೂ ಇಲ್ಲ.

ಇಂಥ ಬಸ್ಸು ಇಲ್ಲಿಗೆ ಬೇಕೇ ಎಂದು ಜನಾಭಿಪ್ರಾಯ ಕೇಳಹೊರಟವರು ‘ನಿಮಗೆ ಹೆದರಿಕೆಯೇ?’ ಎಂದು ಕೇಳಿ ಪ್ರಯೋಜನವಿಲ್ಲ. ಘಟ್ಟದ ಮೇಲಿನವರ ಮೊದಲ ಪ್ರಶ್ನೆ ‘ಕೈ ಮಾಡಿದ್ರೆ ನಿಲ್ತದ್ಯಾ?’ ಎಂದಾದೀತು. ಆಧಾರ್ ನೋಡಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹರಿಯುವವರು ಯಾರು, ಕೊನೇ ಬಸ್ಸಿನಲ್ಲಿ ಕುಡಿದವನನ್ನು ಇಳಿಸುವವರು ಯಾರು? ಸ್ಟೇರಿಂಗ್ ಯಂತ್ರಕ್ಕೆ ಕೊಟ್ಟರೂ ಕಂಡಕ್ಟರನ್ನು ತೆಗೆಯುವಂತಿಲ್ಲ.

ಪ್ರಯೋಗ ಬೇಕೇ ಬೇಕೆಂದರೆ ಡಿಪೋ ಒಳಗೆ ಆಗಲಿ. ಸ್ಟೇಜ್‌ಕೋಚ್ ಕೂಡ 2019ರಲ್ಲಿ ಮೊದಲು ಮ್ಯಾಂಚೆಸ್ಟರಿನ ಡಿಪೋದಲ್ಲೇ ಇದನ್ನು ತೋರಿಸಿತ್ತು. ರಾತ್ರಿ ಬಂದ ಬಸ್ಸನ್ನು ಡೀಸೆಲ್ ಪಂಪಿಗೆ, ತೊಳೆಯುವ ಜಾಗಕ್ಕೆ, ಅಲ್ಲಿಂದ ಸಾಲಿಗೆ ನಡೆದಾಡುವ ವೇಗದಲ್ಲಿ ಒಯ್ದು ನಿಲ್ಲಿಸಲಿ. ಅದಕ್ಕೂ ಮುಂಚೆ ನೆಲಕ್ಕೆ ಕಾಂಕ್ರೀಟ್, ಅದರ ಮೇಲೆ ಅಳಿಸದ ಬಿಳಿ ಗೆರೆ ಬೇಕು.