ಚಾರ್ಲ್ಸ್ ಬ್ರೌನ್ ಅವರ ‘ಕೂಲ್ ಕ್ರಿಸ್‌ಮಸ್ ಬ್ಲೂಸ್’: ಕೊಳ್ಳುವ ಮುನ್ನ

ಹಬ್ಬದ ಹಾಡೆಂದರೆ ಜಿಂಗಲ್ ಗಂಟೆ, ಮಕ್ಕಳ ವೃಂದಗಾನ, ಎಡೆಬಿಡದ ಸಡಗರ ಎನ್ನುವವರಿಗೆ ಈ ಆಲ್ಬಂ ಒಗ್ಗುವುದಿಲ್ಲ. ಊಟ ಮುಗಿದು, ನೆಂಟರು ಹೊರಟು, ದೀಪ ತಗ್ಗಿಸಿದ ಮೇಲೆ ಹಾಕುವ ಸಂಗೀತ ಇದು: ಕಪ್ಪು ಅಮೆರಿಕನ್ನರಲ್ಲಿ ಹುಟ್ಟಿದ, ಸಾಮಾನ್ಯವಾಗಿ ದುಃಖ ತೋಡಿಕೊಳ್ಳುವ ಬ್ಲೂಸ್. 1994ರಲ್ಲಿ ಬುಲ್ಸ್‌ಐ ಬ್ಲೂಸ್ ಸಂಸ್ಥೆ ಇದನ್ನು ಹೊರತಂದಾಗ ಅಮೆರಿಕದ ಗಾಯಕ, ಪಿಯಾನೋ ವಾದಕ ಬ್ರೌನ್ ಅವರಿಗೆ 72 ವರ್ಷ. ಕ್ರಿಸ್‌ಮಸ್ ಬ್ಲೂಸ್‌ನಲ್ಲಿ ಒಂದೇ ಒಂದು ಆಲ್ಬಂ ಸಾಕು ಎನ್ನುವವರು ಕಣ್ಣು ಮುಚ್ಚಿ ಇದನ್ನೇ ಕೊಳ್ಳಬಹುದು. ಆದರೆ ಕೊಳ್ಳುವುದು ಏನನ್ನು ಎಂಬುದು ಗೊತ್ತಿರಬೇಕು.

ಬ್ರೌನ್ ಹೆಸರಿನ ಎರಡು ಪ್ರಸಿದ್ಧ ಹಾಡುಗಳೂ ಇದರಲ್ಲಿವೆ, ಆದರೆ ಮೂಲ ಧ್ವನಿಮುದ್ರಣಗಳಲ್ಲ. ‘ಮೆರಿ ಕ್ರಿಸ್‌ಮಸ್ ಬೇಬಿ’ ಮೊದಲು ಬಂದದ್ದು 1947ರಲ್ಲಿ, ಎಕ್ಸ್‌ಕ್ಲೂಸಿವ್ ಲೇಬಲ್‌ನಲ್ಲಿ, ಬ್ರೌನ್ ಆಗ ಹಾಡುತ್ತಿದ್ದ ತಂಡ ‘ಜಾನಿ ಮೂರ್ಸ್ ತ್ರೀ ಬ್ಲೇಜರ್ಸ್’ ಹೆಸರಿನಡಿ. ‘ಪ್ಲೀಸ್ ಕಮ್ ಹೋಮ್ ಫಾರ್ ಕ್ರಿಸ್‌ಮಸ್’ ಬಂದದ್ದು 1960ರಲ್ಲಿ, ಸಿನ್ಸಿನಾಟಿಯ ಕಿಂಗ್ ಸಂಸ್ಥೆಯಿಂದ. ಬೇಕಾದದ್ದು ಹಳೆಯದೇ ಆದರೆ ಕಲಾವಿದರ ಹೆಸರು ಮತ್ತು ವರ್ಷವನ್ನು ನೋಡಿಯೇ ಹುಡುಕಿ. ಸ್ಟ್ರೀಮಿಂಗ್ ಪಟ್ಟಿಗಳಲ್ಲಿ ಬ್ರೌನ್ ಬೇರೆ ಬೇರೆ ಕಾಲದಲ್ಲಿ ಹಾಡಿದ ಆವೃತ್ತಿಗಳು ಒಂದೇ ಹೆಸರಿನಡಿ ಸಾಲಾಗಿ ನಿಂತಿರುತ್ತವೆ. ಮೇಲೆ ಬಂದದ್ದೇ ಮೂಲ ಎಂದು ನಂಬಿದವರು ಮೋಸ ಹೋಗುತ್ತಾರೆ.

ಹಾಗಾದರೆ ಮುದಿ ವಯಸ್ಸಿನ ಮರುಗಾಯನಕ್ಕೆ ದುಡ್ಡು ಕೊಡುವುದೇಕೆ? ಗತಿಗಾಗಿ. ಟೆಕ್ಸಸ್ ಸಿಟಿಯಲ್ಲಿ 1922ರಲ್ಲಿ ಹುಟ್ಟಿ, ಅಜ್ಜಿಯ ಒತ್ತಾಯಕ್ಕೆ ಶಾಸ್ತ್ರೀಯ ಪಿಯಾನೋ ಕಲಿತು, ರಸಾಯನಶಾಸ್ತ್ರದಲ್ಲಿ ಪದವಿ ಪಡೆದ ಮನುಷ್ಯ ಇವರು. ಲಾಸ್ ಏಂಜಲೀಸ್‌ನ ಕ್ಲಬ್ಬುಗಳಲ್ಲಿ ಇವರು ರೂಪಿಸಿದ ಶೈಲಿಯಲ್ಲಿ ಕೂಗಾಟಕ್ಕೆ ಜಾಗವೇ ಇರಲಿಲ್ಲ. ಮಾತು ಲಯಕ್ಕಿಂತ ಕೂದಲೆಳೆಯಷ್ಟು ಹಿಂದೆ ಬರುತ್ತದೆ. ಸಾಲು ಮುಗಿದ ಕೂಡಲೇ ಬಲಗೈ ಒಂದು ಪುಟ್ಟ ಉತ್ತರ ಕೊಡುತ್ತದೆ. ವಯಸ್ಸಾದಂತೆ ಆ ಹಿಂದೆ ಸರಿಯುವ ಗುಣ ಇನ್ನೂ ಪಕ್ವವಾಯಿತು. ಗಿಟಾರ್‌ನಲ್ಲಿ ಡ್ಯಾನಿ ಕ್ಯಾರನ್, ಟೆನರ್ ಸ್ಯಾಕ್ಸ್‌ನಲ್ಲಿ ಕ್ಲಿಫರ್ಡ್ ಸಾಲಮನ್, ಬಾಸ್‌ನಲ್ಲಿ ರೂತ್ ಡೇವಿಸ್: ಆ ವರ್ಷಗಳಲ್ಲಿ ಅವರ ಜತೆ ಊರೂರು ತಿರುಗಿದ ಈ ತಂಡಕ್ಕೆ ಅವರ ಉಸಿರು ಎಲ್ಲಿ ನಿಲ್ಲುತ್ತದೆ ಎಂಬುದು ಗೊತ್ತು.

ಆ ಎರಡು ಪ್ರಸಿದ್ಧ ಹಾಡುಗಳ ಕಟ್ಟಡವೇ ಬೇರೆ ಬೇರೆ. ‘ಮೆರಿ ಕ್ರಿಸ್‌ಮಸ್ ಬೇಬಿ’ ಹನ್ನೆರಡು ಬಾರ್‌ಗಳ (ಬಾರ್ ಎಂದರೆ ತಾಳದ ಒಂದು ಆವರ್ತನ) ಬ್ಲೂಸ್: ಒಂದು ಸಾಲು, ಅದರ ಪುನರಾವರ್ತನೆ, ಆಮೇಲೆ ಮುಕ್ತಾಯದ ಸಾಲು. ಬ್ಲೂಸ್ ಆದರೂ ಇದು ದುಃಖದ ಹಾಡಲ್ಲ, ಪ್ರಿಯತಮೆಯಿಂದ ಉಡುಗೊರೆ ಪಡೆದವನ ಸಂತೃಪ್ತಿ. ಎರಡನೆಯದಾದ ‘ಪ್ಲೀಸ್ ಕಮ್ ಹೋಮ್’ ಅಪ್ಪಟ ಒಂಟಿತನದ್ದು. ಅದರ ಪದ್ಯಕ್ಕೆ ಎಂಟೇ ಬಾರ್. ಹನ್ನೆರಡು-ಎಂಟರ ಲಯ, ಅಂದರೆ ಒಂದು ಬಾರ್‌ಗೆ ನಾಲ್ಕು ಪೆಟ್ಟು, ಪ್ರತಿ ಪೆಟ್ಟಿನೊಳಗೆ ಮೂರು ಸ್ವರ. ನುಡಿಸಲು ಹೊರಟವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಮೂರರ ಗುಂಪನ್ನು ಒಂದೇ ತೂಕದಲ್ಲಿ ಬಾರಿಸಿದರೆ ಹಾಡು ಕವಾಯತಾಗುತ್ತದೆ. ಮೊದಲ ಸ್ವರಕ್ಕೆ ಒತ್ತು ಕೊಟ್ಟು ಉಳಿದೆರಡನ್ನು ಹಗುರ ಬಿಡಬೇಕು, ಎಡಗೈ ಅವಸರ ಮಾಡಬಾರದು. ರಾಕ್ ತಂಡ ಈಗಲ್ಸ್‌ನ 1978ರ ಆವೃತ್ತಿಯನ್ನಷ್ಟೇ ಕೇಳಿದವರಿಗೆ ಇದು ರಾಕ್ ಹಾಡಿನಂತೆ ತೋರಬಹುದು. ಬ್ರೌನ್ ಕೈಯಲ್ಲಿ ಅದರ ಚರ್ಚಿನ ಬೇರು ಸ್ಪಷ್ಟವಾಗುತ್ತದೆ.

ಕೊರತೆಯೂ ಇದೆ. ನಿಧಾನ ಮತ್ತು ಮಧ್ಯಮ ಗತಿಯ ಹಾಡುಗಳೇ ಹೆಚ್ಚು, ಹಾಗಾಗಿ ಒಂದೇ ಕೂರಿಕೆಯಲ್ಲಿ ಪೂರ್ತಿ ಕೇಳಿದರೆ ಕೊನೆಯ ಭಾಗ ಜೋಲುತ್ತದೆ. ನಡುವೆ ಬೇರೆಯವರ ಒಂದೆರಡು ಹಾಡು ಸೇರಿಸಿಕೊಳ್ಳಿ. ಫ್ರೆಡಿ ಕಿಂಗ್ ಅವರ 1961ರ ‘ಕ್ರಿಸ್‌ಮಸ್ ಟಿಯರ್ಸ್’ನಲ್ಲಿ ಗಿಟಾರ್ ಚುರುಕ್ಕೆನ್ನುತ್ತದೆ. ಓಟಿಸ್ ರೆಡಿಂಗ್ ಹಾಡಿದ ‘ಮೆರಿ ಕ್ರಿಸ್‌ಮಸ್ ಬೇಬಿ’ ಕುಣಿತಕ್ಕೂ ಆಗುತ್ತದೆ. ಬಿ. ಬಿ. ಕಿಂಗ್ ಅವರ 2001ರ ಕ್ರಿಸ್‌ಮಸ್ ಆಲ್ಬಂ ಹೆಚ್ಚು ಹೊಳಪಿನದು, ಮನೆ ತುಂಬ ಜನರಿದ್ದಾಗ ಅದೇ ವಾಸಿ.

ಫೋನಿನ ಸ್ಪೀಕರ್‌ನಲ್ಲಿ ಇದನ್ನು ಕೇಳಬೇಡಿ. ಬಾಸ್ ಪೂರ್ತಿ ಮಾಯವಾಗಿ ಪಿಯಾನೋ ತಗಡಿನಂತಾಗುತ್ತದೆ; ಈ ಶೈಲಿಯ ಅರ್ಧ ಜೀವ ಆ ತಳದಲ್ಲೇ ಇದೆ. ಸಾಧಾರಣ ಹೆಡ್‌ಫೋನ್ ಆದರೂ ನಡೆದೀತು. ಬಾಸ್ ಹೆಚ್ಚಿಸುವ ಸೆಟ್ಟಿಂಗ್ ತೆಗೆದುಬಿಡಿ, ಅದು ದನಿಯ ಮೇಲೆ ಮಂಜು ಹಾಸುತ್ತದೆ. 1947ರದ್ದನ್ನು ಹುಡುಕುವಾಗ ಇನ್ನೊಂದು ಎಚ್ಚರ: ಹಳೆಯ ತಟ್ಟೆಯ ಚರಚರ ಸದ್ದು ಪೂರ್ತಿ ಅಳಿಸಿದ ಸಂಕಲನಗಳಲ್ಲಿ ಅದರೊಂದಿಗೆ ಪಿಯಾನೋದ ಮೇಲಿನ ಸ್ವರಗಳ ಮೊನಚೂ ಹೋಗಿರುತ್ತದೆ. ಸ್ವಲ್ಪ ಚರಚರ ಉಳಿಸಿಕೊಂಡ ಪ್ರತಿಯೇ ಮೇಲು. ಕೃತಕ ಸ್ಟೀರಿಯೋ ಮಾಡಿದ್ದರೆ ಬಿಟ್ಟುಬಿಡಿ, ಎರಡೂ ಕಿವಿಗೆ ಒಂದೇ ಸದ್ದು ಕೊಡುವ ಮೋನೋ ಪ್ರತಿಯೇ ಸರಿ.

ಬ್ರೌನ್ 1999ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು. ಬಹಳ ವರ್ಷ ಮರೆವಿಗೆ ಸಂದಿದ್ದವರು ಮತ್ತೆ ದೊಡ್ಡ ವೇದಿಕೆ ಕಂಡದ್ದರಲ್ಲಿ ಗಾಯಕಿ ಬಾನಿ ರೈಟ್ ತಮ್ಮ ಸಂಗೀತ ಪ್ರವಾಸಕ್ಕೆ ಕರೆದೊಯ್ದದ್ದರ ಪಾಲು ದೊಡ್ಡದು. ಹಬ್ಬದ ಹಂಗಿಲ್ಲದೆ ಅವರನ್ನು ಕೇಳಬಯಸುವವರು ಮೊದಲು 1990ರ ‘ಆಲ್ ಮೈ ಲೈಫ್’ ಹಿಡಿಯಿರಿ, ಆಮೇಲೆ ಹಿಂದಕ್ಕೆ ಹೋಗಿ 1945ರ ‘ಡ್ರಿಫ್ಟಿಂಗ್ ಬ್ಲೂಸ್’.