ಟೋಸ್ಟ್‌ಮಾಸ್ಟರ್ಸ್ ಕ್ಲಬ್: ಇಂಜಿನಿಯರಿಂಗ್ ವಿದ್ಯಾರ್ಥಿಗೆ ಎಷ್ಟು ಉಪಯೋಗ?

ಟೋಸ್ಟ್‌ಮಾಸ್ಟರ್ಸ್ ಅಂದರೆ ಜನರ ಮುಂದೆ ಮಾತಾಡೋದನ್ನು ಅಭ್ಯಾಸ ಮಾಡುವ ಕ್ಲಬ್. ಮೊದಲೇ ಹೇಳಿಬಿಡುತ್ತೇನೆ, ಇದು ಇಂಗ್ಲಿಷ್ ಕ್ಲಾಸ್ ಅಲ್ಲ. ಇಲ್ಲಿ ಮೇಷ್ಟ್ರು ಇಲ್ಲ, ವ್ಯಾಕರಣದ ಪಾಠ ಇಲ್ಲ. ಸದಸ್ಯರೇ ಮಾತಾಡಬೇಕು, ಸದಸ್ಯರೇ ತಿದ್ದಬೇಕು. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಅನಾದಲ್ಲಿ ರಾಲ್ಫ್ ಸ್ಮೆಡ್ಲಿ ಮೊದಲ ಕ್ಲಬ್ ಶುರುಮಾಡಿದರು. ನಾನು ಎರಡನೇ ವರ್ಷದಲ್ಲಿ ಸೇರಿದೆ, ಈಗ ಕೊನೆಯ ಸೆಮಿಸ್ಟರ್. ಇನ್ನೂ ಬಿಟ್ಟಿಲ್ಲ.

ನಮ್ಮಂಥವರ ಕಷ್ಟ ಸ್ವಲ್ಪ ವಿಚಿತ್ರ. ಓದೋದು ಇಂಗ್ಲಿಷ್, ಪರೀಕ್ಷೆ ಬರೆಯೋದು ಇಂಗ್ಲಿಷ್. ಆದರೆ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ‘ಇದೇ ಮೋಟರ್ ಯಾಕೆ ತಗೊಂಡ್ರಿ?’ ಅಂತ ಕೇಳಿದರೆ ಗೊತ್ತಿರುವ ಉತ್ತರವೂ ಗಂಟಲಲ್ಲೇ ನಿಲ್ಲುತ್ತದೆ. ಪದ ಗೊತ್ತಿಲ್ಲ ಅಂತಲ್ಲ. ಇಡೀ ವಾಕ್ಯವನ್ನು ತಲೆಯಲ್ಲಿ ಕಟ್ಟಿ, ತಪ್ಪಿಲ್ಲ ಅಂತ ನೋಡಿಕೊಂಡು, ಆಮೇಲೆ ಬಾಯಿ ತೆರೆಯುವ ಅಭ್ಯಾಸ.

ಅದನ್ನು ಬಿಡಿಸಿದ್ದು ಟೇಬಲ್ ಟಾಪಿಕ್ಸ್. ವಿಷಯ ಆ ಕ್ಷಣಕ್ಕೇ ಕೊಡುತ್ತಾರೆ, 1ರಿಂದ 2 ನಿಮಿಷ ಮಾತಾಡಬೇಕು. ಹೊತ್ತು ತಿಳಿಸೋಕೆ 1 ನಿಮಿಷಕ್ಕೆ ಹಸಿರು ದೀಪ, ಒಂದೂವರೆಗೆ ಹಳದಿ, 2ಕ್ಕೆ ಕೆಂಪು. ವಾಕ್ಯ ತಿದ್ದಿಕೊಳ್ಳೋಕೆ ಪುರುಸೊತ್ತೇ ಸಿಗಲ್ಲ. ಶುರುವಿನಲ್ಲಿ ಹಸಿರಿನ ತನಕ ಎಳೆಯುವುದೇ ಸಾಕುಸಾಕಾಗುತ್ತಿತ್ತು. ಪಕ್ಕದಲ್ಲಿ ಆ-ಕೌಂಟರ್ ಅಂತ ಒಬ್ಬರು ಕೂತಿರುತ್ತಾರೆ. ನೀವು ಎಷ್ಟು ಸಲ ‘ಆ’, ‘ಅಮ್’, ‘ಸೋ’ ಅಂದಿರಿ ಅಂತ ಎಣಿಸಿ ಎಲ್ಲರ ಮುಂದೆ ಓದುತ್ತಾರೆ. ಇಂಜಿನಿಯರಿಂಗ್‌ನವರ ಲೆಕ್ಕದಲ್ಲಿ ‘ಬೇಸಿಕಲಿ’ಗೇ ಮೊದಲ ಸ್ಥಾನ! ಮುಜುಗರ ಆಗುತ್ತದೆ, ನಿಜ. ಆದರೆ ಅದರ ಬದಲು ಒಂದು ಕ್ಷಣ ಸುಮ್ನೆ ನಿಂತರೆ ಏನೂ ಮುಳುಗಲ್ಲ ಅನ್ನುವುದು ಗೊತ್ತಾಗೋದೂ ಅಲ್ಲೇ.

ತಯಾರಿ ಮಾಡಿಕೊಂಡು ಕೊಡುವ ಭಾಷಣಗಳು ಬೇರೆ. ಪಾತ್‌ವೇಸ್ ಅನ್ನುವ ಕ್ರಮದಲ್ಲಿ 5 ಹಂತ ಇವೆ. ಮೊದಲ ಭಾಷಣ ಐಸ್ ಬ್ರೇಕರ್, ನಿಮ್ಮ ಬಗ್ಗೆಯೇ 4ರಿಂದ 6 ನಿಮಿಷ. ಇಲ್ಲೊಂದು ಗುಂಡಿ ಇದೆ. ನಾವು ಬಾಯಿಪಾಠದಲ್ಲಿ ಪಳಗಿದವರು, ಅಲ್ವಾ? ಉರು ಹೊಡೆದು ಒಪ್ಪಿಸಿದರೆ ಚಪ್ಪಾಳೆ ಬರುತ್ತದೆ, ಇಂಗ್ಲಿಷ್ ಬರಲ್ಲ. ಹಾಗಾಗಿ ನಾನು ಸ್ಫೂರ್ತಿ ತುಂಬುವ ಮಾತು ಬಿಟ್ಟು ಓದಿದ ವಿಷಯಗಳನ್ನೇ ಹಿಡಿದೆ. ಟ್ರಾನ್ಸ್‌ಫಾರ್ಮರ್ ಯಾಕೆ ಗುಂಯ್ ಅನ್ನುತ್ತದೆ ಅನ್ನೋದು ಅದರಲ್ಲಿ ಒಂದು. ಕರೆಂಟಿನ ಒಂದೊಂದು ಸುತ್ತಿಗೂ ಒಳಗಿನ ಕಬ್ಬಿಣದ ಕೋರ್ ಎರಡು ಸಲ ಚೂರೇ ಚೂರು ಹಿಗ್ಗಿ ಕುಗ್ಗುತ್ತದೆ. ಅದಕ್ಕೇ 50 ಹರ್ಟ್ಸ್ (ಸೆಕೆಂಡಿಗೆ 50 ಸುತ್ತು) ಸಪ್ಲೈ ಇದ್ದರೆ ಸದ್ದು 100 ಹರ್ಟ್ಸ್. ಬೋರ್ಡ್ ಇಲ್ಲದೆ, ಸೂತ್ರ ಬರೆಯದೆ, ಕಾಮರ್ಸ್ ಓದಿದವರಿಗೂ ತಿಳಿಯುವ ಹಾಗೆ ಇದನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿ. ಇಂಟರ್‌ವ್ಯೂನಲ್ಲಿ ಪ್ರಾಜೆಕ್ಟ್ ವಿವರಿಸುವಾಗ ಕೈಹಿಡಿದದ್ದು ಇದೇ.

ಸಿಗದ್ದು ಏನು? ಉಚ್ಚಾರಣೆ. ‘ಪರಾಮಿಟರ್’ನಲ್ಲಿ ಒತ್ತು ಎರಡನೇ ಅಕ್ಷರಕ್ಕೆ ಬೀಳಬೇಕು ಅಂತ ಅಕ್ಕಪಕ್ಕದವರಿಗೂ ಗೊತ್ತಿರದಿದ್ದರೆ ತಿದ್ದುವವರು ಯಾರು? ಅದಕ್ಕೆ ನಾನು ಡಿಕ್ಷನರಿ ಆ್ಯಪ್‌ನ ಆಡಿಯೋ ಕೇಳಿ, ಫೋನಿನಲ್ಲಿ ನನ್ನ ದನಿ ರೆಕಾರ್ಡ್ ಮಾಡಿ ಹೋಲಿಸುತ್ತೇನೆ. ಸಾಮಾನ್ಯವಾಗಿ ಭಾಷಣದ ನಂತರ ಪ್ರಶ್ನೋತ್ತರವೂ ಇರಲ್ಲ. ವೈವಾಕ್ಕೆ ಬೇಕಿರುವುದು ಅದೇ, ಹಾಗಾಗಿ ಸಭೆ ಮುಗಿದ ಮೇಲೆ ಗೆಳೆಯರಿಂದ ಪ್ರಶ್ನೆ ಕೇಳಿಸಿಕೊಳ್ಳುತ್ತೇನೆ. ಇನ್ನು ವಿಮರ್ಶೆ ಮಾಡುವವರು ಗೆಳೆಯರೇ ಆದರೆ ಹೊಗಳಿಕೆ ಜಾಸ್ತಿ, ತಿದ್ದುಪಡಿ ಕಮ್ಮಿ. ‘ಎರಡು ತಪ್ಪು ಹೇಳಲೇಬೇಕು’ ಅಂತ ಮೊದಲೇ ಕೇಳಿಕೊಳ್ಳಿ.

18 ತುಂಬಿರದಿದ್ದರೆ ಸದಸ್ಯತ್ವ ಸಿಗಲ್ಲ. ವಾಕ್ಯ ಕಟ್ಟೋಕೇ ಬರದವರು ಮೊದಲು ಬೇರೆ ಕಡೆ ಕಲಿಯುವುದು ಮೇಲು. ಉಳಿದವರು ಅತಿಥಿಯಾಗಿ ಒಂದು ಸಭೆಗೆ ಹೋಗಿ ಕೂತು ನೋಡಿ. ಜನ ಕಮ್ಮಿ ಇರುವ ಕ್ಲಬ್ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ, ಮಾತಾಡುವ ಸರದಿ ಬೇಗ ಬರುತ್ತದೆ.