ಸ್ಕೂಲ್ ಸೈಕಾಲಜಿ ರೀಸ್ಪೆಷಲೈಸೇಷನ್: ಫೀಸ್ ಕಟ್ಟುವ ಮೊದಲು ಸಹಿ ಯಾರು ಹಾಕುತ್ತಾರೆ ಅಂತ ಕೇಳಿ

ಅಮೆರಿಕದಲ್ಲಿದ್ದು, ಸೈಕಾಲಜಿಯಲ್ಲೋ ಕೌನ್ಸೆಲಿಂಗ್‌ನಲ್ಲೋ ಆಗಲೇ ಮಾಸ್ಟರ್ಸ್ ಮುಗಿಸಿ, ಈಗ ಸ್ಕೂಲ್ ಸೈಕಾಲಜಿಸ್ಟ್ ಆಗೋಣ ಅಂತ ಯೋಚಿಸುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕನ್ನಡದವರಲ್ಲೇ ಇಂಥವರು ಸುಮಾರು ಜನ ಇದ್ದಾರೆ, ಅದರಲ್ಲೂ ಮಕ್ಕಳ ರಜೆಗೂ ನಮ್ಮ ರಜೆಗೂ ಹೊಂದುವ ಕೆಲಸ ಸಿಕ್ಕರೆ ಸಾಕಪ್ಪಾ ಅನ್ನುವ ಅಮ್ಮಂದಿರು. ಕೆಲಸ ಒಳ್ಳೆಯದೇ, ಅದರ ಮೇಲೆ ನನ್ನ ತಕರಾರಿಲ್ಲ. ರೀಸ್ಪೆಷಲೈಸೇಷನ್ ಸರ್ಟಿಫಿಕೇಟ್ (ಹತ್ತಿರದ ವಿಷಯದಲ್ಲಿ ಆಗಲೇ ಪದವಿ ಇದ್ದವರು ಈ ಕ್ಷೇತ್ರಕ್ಕೆ ಬರಲು ಮಾಡುವ ಕೋರ್ಸ್) ಅಂತ ಹೇಳಿ ಸೀಟು ತುಂಬಿಸಿಕೊಳ್ಳುವ ಕೆಲವು ಕೋರ್ಸ್‌ಗಳ ಮೇಲೆ ತಕರಾರಿದೆ. ಅಂಥದ್ದೊಂದರಲ್ಲಿ ನನ್ನ ದುಡ್ಡೂ ಹೋಯಿತು, ಸಮಯವೂ ಹೋಯಿತು.

ಗೊತ್ತಿಲ್ಲದವರಿಗೆ: ಸ್ಕೂಲ್ ಕೌನ್ಸೆಲರ್ ಬೇರೆ, ಸ್ಕೂಲ್ ಸೈಕಾಲಜಿಸ್ಟ್ ಬೇರೆ. ಮಗುವಿಗೆ ಕಲಿಕೆಯ ತೊಂದರೆ ಇದೆಯಾ, ಆಟಿಸಂ ಇದೆಯಾ ಅಂತ ಪರೀಕ್ಷೆ ಮಾಡಿ, ರಿಪೋರ್ಟ್ ಬರೆದು, ಸ್ಪೆಷಲ್ ಎಜುಕೇಷನ್ ಮೀಟಿಂಗ್‌ನಲ್ಲಿ ಅಪ್ಪ ಅಮ್ಮನ ಎದುರು ಕೂತು ವಿವರಿಸುವುದು ಸೈಕಾಲಜಿಸ್ಟ್ ಕೆಲಸ. 500 ಮಕ್ಕಳಿಗೆ ಒಬ್ಬರಾದರೂ ಇರಬೇಕು ಅಂತ ಇವರ ರಾಷ್ಟ್ರೀಯ ಸಂಘ ನ್ಯಾಸ್ಪ್ ಹೇಳುತ್ತದೆ. ಎಷ್ಟೋ ಕಡೆ ಅದರ ಹತ್ತಿರವೂ ಇಲ್ಲ. ಜನ ಸಾಲದು ಅನ್ನುವುದು ನಿಜ. ಆ ನಿಜವನ್ನೇ ಮುಂದಿಟ್ಟುಕೊಂಡು ಕೋರ್ಸ್ ಮಾರುತ್ತಾರೆ.

ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಸೈಕಾಲಜಿ ಮಾಡಿದವಳು. ಇಲ್ಲಿಗೆ ಬಂದ ಮೇಲೆ ಕೌನ್ಸೆಲಿಂಗ್‌ನಲ್ಲಿ ಇನ್ನೊಂದು ಮಾಸ್ಟರ್ಸ್ ಆಯಿತು. ಅಡ್ಮಿಷನ್ ಆಫೀಸಿನವರು ಫೋನಿನಲ್ಲಿ ಎಷ್ಟು ಸಲೀಸಾಗಿ ಹೇಳಿದರು ಗೊತ್ತಾ? "ನಿಮ್ಮದು ಹತ್ತಿರದ ಪದವಿಯೇ, ಅರ್ಧದಷ್ಟು ಕೋರ್ಸ್ ಮನ್ನಾ ಆಗುತ್ತದೆ, ಮಿಕ್ಕಿದ್ದು ಓದಿ ಇಂಟರ್ನ್‌ಶಿಪ್ ಮಾಡಿದರೆ ಆಯಿತು." ಇಮೇಲ್‌ನಲ್ಲಿ ಕಳಿಸಿ ಅಂದರೆ, ಸೇರಿದ ಮೇಲೆ ನಿಮ್ಮ ಅಡ್ವೈಸರ್ ಕಳಿಸುತ್ತಾರೆ ಅಂದರು.

ಸೇರಿದೆ. ಅಷ್ಟರಲ್ಲಿ ಪ್ರೋಗ್ರಾಮ್ ಡೈರೆಕ್ಟರ್ ಬದಲಾದರು. ಹೊಸಬರು ನನ್ನ ಟ್ರಾನ್ಸ್‌ಕ್ರಿಪ್ಟ್ ಮತ್ತೆ ತೆಗೆದು ನೋಡಿ ಒಂದೊಂದೇ ಕೋರ್ಸ್ ಹೊಡೆದು ಹಾಕುತ್ತಾ ಬಂದರು. ಮೈಸೂರಿನದು ಹಳೆಯದಾಯಿತಂತೆ. ಕೌನ್ಸೆಲಿಂಗ್ ಡಿಗ್ರಿಯ ಅಸೆಸ್‌ಮೆಂಟ್ ಪೇಪರ್‌ನಲ್ಲಿ ಮಗುವಿನ ಬುದ್ಧಿಶಕ್ತಿಯ ಟೆಸ್ಟ್ ಕೈಯಾರೆ ಮಾಡಿಸಿಲ್ಲವಂತೆ. ಈ ಎರಡನೆಯದು ಸರಿಯಾದ ಮಾತೇ. ನಾವು ಊರಿನಲ್ಲಿ ಕಲಿತದ್ದು ಬಿನೆ-ಕಾಮತ್ ಟೆಸ್ಟ್, ಇಲ್ಲಿ ದಿನವೂ ಬಳಸುವುದು ವಿಸ್ಕ್-5. ಸ್ಟ್ಯಾಟಿಸ್ಟಿಕ್ಸ್, ಮಕ್ಕಳ ಬೆಳವಣಿಗೆ, ಸೈಕೋಪೆಥಾಲಜಿ ಇಂಥವು ಸಾಮಾನ್ಯವಾಗಿ ಮನ್ನಾ ಆಗುತ್ತವೆ. ಓದು-ಲೆಕ್ಕದಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಮಾಡುವ ಇಂಟರ್ವೆನ್ಷನ್, ಟೀಚರ್‌ಗಳ ಜೊತೆ ಕನ್ಸಲ್ಟೇಷನ್, ಸ್ಪೆಷಲ್ ಎಜುಕೇಷನ್ ಕಾನೂನು, ಟೆಸ್ಟಿಂಗ್, ಇವನ್ನೆಲ್ಲ ಹೊಸದಾಗಿಯೇ ಓದಬೇಕು. ಇದನ್ನು ಆ ಫೋನಿನಲ್ಲೇ ಹೇಳಿದ್ದರೆ ನಾನು ಬೇರೆ ಲೆಕ್ಕ ಹಾಕುತ್ತಿದ್ದೆ, ಅಲ್ವಾ?

ಅದೂ ಹೋಗಲಿ. ದೊಡ್ಡ ಪೆಟ್ಟು ಬಿದ್ದದ್ದು ಇಂಟರ್ನ್‌ಶಿಪ್‌ನಲ್ಲಿ.

ನ್ಯಾಸ್ಪ್ ನಿಯಮದ ಪ್ರಕಾರ ಇಂಟರ್ನ್‌ಶಿಪ್ ಕಡಿಮೆ ಅಂದರೆ 1200 ಗಂಟೆ. ಅದರಲ್ಲಿ 600 ಗಂಟೆಯಾದರೂ ಶಾಲೆಯ ಒಳಗೇ ಆಗಬೇಕು, ಅಲ್ಲಿ ನಮ್ಮ ಮೇಲೆ ನಿಗಾ ಇಡುವವರು ಆ ರಾಜ್ಯದ ಸ್ಕೂಲ್ ಸೈಕಾಲಜಿಸ್ಟ್ ಕ್ರೆಡೆನ್ಷಿಯಲ್, ಅಂದರೆ ಕೆಲಸ ಮಾಡಲು ಬೇಕಾದ ಅರ್ಹತಾ ಪತ್ರ, ಇರುವವರೇ ಆಗಿರಬೇಕು. ಜಾಗ ನೀವೇ ಹುಡುಕಿಕೊಳ್ಳಿ ಅಂದರು ನಮ್ಮ ಪ್ರೋಗ್ರಾಮ್‌ನವರು. ನಾನು ಹುಡುಕಿದ ಒಂದು ಖಾಸಗಿ ಕ್ಲಿನಿಕ್ ಮತ್ತು ಒಂದು ಚಿಕ್ಕ ಶಾಲೆ, ಎರಡಕ್ಕೂ ಅವರೇ ಒಪ್ಪಿಗೆ ಕೊಟ್ಟರು. ಆ ಶಾಲೆಯಲ್ಲಿ ಸೈಕಾಲಜಿಸ್ಟೇ ಇರಲಿಲ್ಲ, ಸ್ಪೆಷಲ್ ಎಜುಕೇಷನ್ ನೋಡಿಕೊಳ್ಳುವ ಮೇಡಂ ನನ್ನ ಸೂಪರ್‌ವೈಸರ್. ಇದೂ ಫಾರ್ಮ್‌ನಲ್ಲಿ ಬರೆದು ಕೊಟ್ಟದ್ದೇ, ಮುಚ್ಚಿಟ್ಟದ್ದಲ್ಲ. ಎಲ್ಲ ಮುಗಿದ ಮೇಲೆ ಶಾಲೆಯ ಗಂಟೆಗಳು ಲೆಕ್ಕಕ್ಕೆ ಬರುವುದಿಲ್ಲ ಅಂತ ಉತ್ತರ ಬಂತು. ಶಾಲೆಯ ಗಂಟೆಗಳು ಹೋದರೆ ಕ್ಲಿನಿಕ್ಕಿನವು ಎಷ್ಟಿದ್ದು ಏನು ಪ್ರಯೋಜನ?

ಇನ್ನು ಸಹಿಯ ವಿಷಯ. ಕ್ರೆಡೆನ್ಷಿಯಲ್ ಕೊಡುವುದು ರಾಜ್ಯ, ವಿಶ್ವವಿದ್ಯಾಲಯ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಟೀಚರ್ ಕ್ರೆಡೆನ್ಷಿಯಲಿಂಗ್ ಕಮಿಷನ್ ಕೊಡುತ್ತದೆ, ಟೆಕ್ಸಾಸ್‌ನಲ್ಲಿ ಶಿಕ್ಷಣ ಇಲಾಖೆಯೂ ಅಲ್ಲ, ಸೈಕಾಲಜಿಸ್ಟ್‌ಗಳ ಬೋರ್ಡ್ ಕೊಡುತ್ತದೆ, ಒಂದೊಂದು ಕಡೆ ಒಂದೊಂದು ರೀತಿ. ನನ್ನ ರಾಜ್ಯದ ಅರ್ಜಿಯಲ್ಲಿ ಒಂದು ಪುಟ ಇದೆ: ಇವರು ನಮ್ಮ ಅನುಮೋದಿತ ಸ್ಕೂಲ್ ಸೈಕಾಲಜಿ ಪ್ರೋಗ್ರಾಮ್ ಪೂರ್ತಿ ಮುಗಿಸಿದ್ದಾರೆ ಅಂತ ಡೈರೆಕ್ಟರ್ ಸಹಿ ಮಾಡಬೇಕು. ಆ ವಿಶ್ವವಿದ್ಯಾಲಯದಲ್ಲಿ ಅನುಮೋದನೆ ಇದ್ದದ್ದು ಮೂರು ವರ್ಷದ ಎಡ್.ಎಸ್. (ಎಜುಕೇಷನ್ ಸ್ಪೆಷಲಿಸ್ಟ್) ಪದವಿಗೆ. ನಮ್ಮ ಸರ್ಟಿಫಿಕೇಟ್ ಆ ಪಟ್ಟಿಯಲ್ಲೇ ಇರಲಿಲ್ಲ! ಒಂದೇ ಡಿಪಾರ್ಟ್‌ಮೆಂಟ್, ಅವೇ ಪ್ರೊಫೆಸರ್‌ಗಳು, ಎಷ್ಟೋ ತರಗತಿಗಳಲ್ಲಿ ಎಡ್.ಎಸ್. ಹುಡುಗಿಯರ ಪಕ್ಕದಲ್ಲೇ ಕೂತು ಪಾಠ ಕೇಳಿದ್ದೇನೆ, ಆದರೂ ಸಹಿ ಅವರಿಗೆ ಸಿಗುತ್ತದೆ, ನನಗೆ ಸಿಗುವುದಿಲ್ಲ. ನೀವು ಮುಗಿಸಿದ್ದು ಸರ್ಟಿಫಿಕೇಟ್ ಮಾತ್ರ ಅಂದರು ಡೈರೆಕ್ಟರ್. ಅವರ ವೆಬ್‌ಸೈಟ್‌ನಲ್ಲಿ ಮಾತ್ರ "ಸ್ಕೂಲ್ ಸೈಕಾಲಜಿಸ್ಟ್ ಆಗುವ ದಾರಿ" ಅಂತ ದಪ್ಪ ಅಕ್ಷರದಲ್ಲಿತ್ತು.

ಎಲ್ಲ ರೀಸ್ಪೆಷಲೈಸೇಷನ್ ಮೋಸ ಅಂತ ನಾನು ಹೇಳುತ್ತಿಲ್ಲ. ಅನುಮೋದಿತ ಪ್ರೋಗ್ರಾಮ್‌ನ ಒಳಗೇ, ಹಳೆಯ ಕ್ರೆಡಿಟ್ ಹಿಡಿದು, ಬಾಕಿ ಉಳಿದದ್ದನ್ನು ಮಾಡಿಸಿ, ಕೊನೆಗೆ ಸಹಿಯನ್ನೂ ಹಾಕುವವರು ಇದ್ದಾರೆ. ಅಂಥವರನ್ನು ಗುರುತಿಸುವುದು ಕಷ್ಟವಲ್ಲ. ಮೊದಲು ರಾಜ್ಯದ ಕಚೇರಿಗೆ ಇಮೇಲ್ ಮಾಡಿ, ಕೋರ್ಸ್‌ನ ಪೂರ್ತಿ ಹೆಸರು ಹಾಕಿ, ಇದು ನಿಮ್ಮ ಪಟ್ಟಿಯಲ್ಲಿದೆಯಾ ಅಂತ ಕೇಳಿ. ಆಮೇಲೆ ಡೈರೆಕ್ಟರ್‌ಗೇ, ಅಡ್ಮಿಷನ್ ಆಫೀಸಿಗಲ್ಲ, ಆ ರಾಜ್ಯದ ಅರ್ಜಿ ಫಾರ್ಮ್ ಕಳಿಸಿ, ನಾನು ಮುಗಿಸಿದ ಮೇಲೆ ಈ ಪುಟಕ್ಕೆ ನೀವು ಸಹಿ ಹಾಕುತ್ತೀರಾ ಅಂತ ನೇರವಾಗಿ ಕೇಳಿ. ಸುಮ್ನೆ ಸುತ್ತು ಬಳಸಿ ಉತ್ತರ ಬಂದರೆ ಅಲ್ಲಿಗೆ ಬಿಡಿ. ಮನ್ನಾ ಆಗುವ ಕೋರ್ಸ್‌ಗಳ ಪಟ್ಟಿ ಸಹಿ ಸಮೇತ ಕೈಗೆ ಬರುವವರೆಗೆ ಒಂದು ಡಾಲರ್ ಕಟ್ಟಬೇಡಿ. ನ್ಯಾಸ್ಪ್ ಕೊಡುವ ರಾಷ್ಟ್ರೀಯ ಮಟ್ಟದ ಸ್ಕೂಲ್ ಸೈಕಾಲಜಿಸ್ಟ್ ಅರ್ಹತೆ ಎನ್‌ಸಿಎಸ್‌ಪಿ ಬೇಕೆಂದರೆ 60 ಸೆಮಿಸ್ಟರ್ ಕ್ರೆಡಿಟ್ ಮತ್ತು ಪ್ರಾಕ್ಸಿಸ್ ಪರೀಕ್ಷೆ ಎರಡೂ ಬೇಕು. ಗಂಡನ ಕೆಲಸಕ್ಕಾಗಿ ರಾಜ್ಯ ಬದಲಿಸುವ ಸಾಧ್ಯತೆ ಇರುವವರಿಗೆ ಅದು ಜಾಸ್ತಿ ಉಪಯೋಗ, ಎಷ್ಟೋ ರಾಜ್ಯಗಳು ಅದನ್ನು ಒಪ್ಪುತ್ತವೆ.

ಎಚ್-4 ವೀಸಾದವರು ಇನ್ನೊಂದು ನೋಡಿಕೊಳ್ಳಿ. ಎಚ್-4ನಲ್ಲಿ ಓದಬಹುದು, ಆದರೆ ಸಂಬಳದ ಇಂಟರ್ನ್‌ಶಿಪ್‌ಗೆ ಇಎಡಿ (ಕೆಲಸ ಮಾಡಲು ಅನುಮತಿಯ ಕಾರ್ಡ್) ಕೈಯಲ್ಲಿರಬೇಕು. ರಿನ್ಯೂವಲ್ ಇಂಟರ್ನ್‌ಶಿಪ್ ನಡುವೆ ಬಂದರೆ ವರ್ಷವೇ ಕೆಡಬಹುದು.

ನಾನೀಗ ಬೇರೆ ಕಡೆ, ನ್ಯಾಸ್ಪ್ ಅನುಮೋದನೆ ಇರುವ ಎಡ್.ಎಸ್.ಗೆ ಸೇರಿದ್ದೇನೆ. ಹಳೆಯ ಕಡೆಯ ಕೆಲವು ಕ್ರೆಡಿಟ್ ಇವರು ತೆಗೆದುಕೊಂಡರು, ಇಂಟರ್ನ್‌ಶಿಪ್ ಪೂರ್ತಿ ಮತ್ತೆ ಮಾಡಬೇಕು. ಆ ವಿಶ್ವವಿದ್ಯಾಲಯದ ಹೆಸರು ಮಾತ್ರ ಕೇಳಬೇಡಿ. ಫೀಸ್ ವಾಪಸ್ ಕೊಡಿ ಅಂತ ಹಾಕಿದ ದೂರು ಇನ್ನೂ ಅವರ ಮೇಜಿನ ಮೇಲೇ ಇದೆ.